ಗಾಡಿ ತಗ್ಗಿಸುವ ಮೊದಲು ಶಾಕಪ್ ನೋಡಿ

ಮಾನ್ಯ ಸಂಪಾದಕರೇ,

ಮಳೆ ನಿಂತು ನವರಾತ್ರಿ ಹತ್ತಿರ ಬಂತೆಂದರೆ ಪುಣೆ, ಪಿಂಪ್ರಿ-ಚಿಂಚವಡದ ಗ್ಯಾರೇಜುಗಳಲ್ಲಿ ಒಂದೇ ಪ್ರಶ್ನೆ: ಗಾಡಿ ಲೋ ಮಾಡಿಸಬೇಕು (ಕಾರನ್ನು ನೆಲಕ್ಕೆ ಹತ್ತಿರ ತಗ್ಗಿಸಬೇಕು), ಸ್ಪ್ರಿಂಗ್ ಹಾಕಿಸಲೋ, ಕಾಯಿಲೋವರ್ ಹಾಕಿಸಲೋ? ಕೇಳುವವರಲ್ಲಿ ನಮ್ಮ ಕನ್ನಡ ಮನೆಗಳ ಹುಡುಗರೂ ಕಡಿಮೆಯಿಲ್ಲ. ಅಂಗಡಿಯವರು ಗಿರಾಕಿಯ ಜೇಬು ನೋಡಿ ಉತ್ತರ ಕೊಡುತ್ತಾರೆ. ಇಪ್ಪತ್ತು-ಮೂವತ್ತು ಸಾವಿರ ಇದ್ದರೆ ಸ್ಪ್ರಿಂಗ್, ಲಕ್ಷದ ಆಸುಪಾಸು ಇದ್ದರೆ ಕಾಯಿಲೋವರ್. ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್ ಕೆಲಸವನ್ನೇ ಮಾಡಿಕೊಂಡಿರುವ ನಮಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಮೊದಲು ಕೇಳಬೇಕಾದದ್ದು ಗಾಡಿಯಲ್ಲಿರುವ ಶಾಕಪ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗಿನ ಕುಣಿತ ತಡೆಯುವ ಕೊಳವೆ) ಯಾವುದು, ಅದರ ರಾಡ್ ಇನ್ನೆಷ್ಟು ಒಳಗೆ ಹೋಗಬಲ್ಲದು ಎಂಬುದನ್ನು. ಬೆಲೆಯ ಮಾತು ಆಮೇಲೆ.

ಲೋವರಿಂಗ್ ಸ್ಪ್ರಿಂಗ್ ಎಂದರೆ ಕಂಪನಿಯ ಸ್ಪ್ರಿಂಗಿಗಿಂತ ಗಿಡ್ಡ, ಸ್ವಲ್ಪ ಗಡಸು. ಕಂಪನಿಯ ಶಾಕಪ್ ಹಾಗೇ ಉಳಿಯುತ್ತದೆ, ಗಾಡಿ ಸಾಮಾನ್ಯವಾಗಿ 25ರಿಂದ 40 ಮಿ.ಮೀ. ಇಳಿಯುತ್ತದೆ. ಒಮ್ಮೆ ಹಾಕಿದ ಮೇಲೆ ಎತ್ತರ ಬದಲಿಸುವಂತಿಲ್ಲ. ಕಾಯಿಲೋವರ್‌ನಲ್ಲಿ ಸ್ಪ್ರಿಂಗೂ ಶಾಕಪ್ಪೂ ಒಂದೇ ಸೆಟ್ಟಾಗಿ ಬರುತ್ತವೆ. ಶಾಕಪ್ಪಿನ ಮೈಮೇಲೆ ಮರೆ (ಬೋಲ್ಟಿನ ಮೇಲಿರುವಂಥ ತಿರುಪಿನ ಗೆರೆ) ಇರುತ್ತದೆ, ರಿಂಗ್ ತಿರುಗಿಸಿ ಎತ್ತರ ಹೊಂದಿಸಬಹುದು. ಹೆಚ್ಚಿನ ಸೆಟ್ಟುಗಳಲ್ಲಿ ಶಾಕಪ್ಪಿನ ಹಿಡಿತ ಹೊಂದಿಸಲೂ ಒಂದು ನಾಬ್ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸಾಧಾರಣ ಹ್ಯಾಚ್‌ಬ್ಯಾಕ್ ಒಂದರ ಮುಂದಿನ ಸ್ಪ್ರಿಂಗನ್ನು 1 ಮಿ.ಮೀ. ಒತ್ತಲು 2 ಕಿಲೋ ಬೇಕು, ಖಾಲಿ ನಿಂತಾಗ ಬಂಪ್ ಸ್ಟಾಪ್ (ರಾಡ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ರಬ್ಬರ್) ತಗಲುವವರೆಗೆ 60 ಮಿ.ಮೀ. ಜಾಗವಿದೆ ಎಂದುಕೊಳ್ಳಿ. ಅಂದರೆ ಆ ಚಕ್ರದ ಮೇಲೆ ಇನ್ನೂ 120 ಕಿಲೋ ಬಿದ್ದ ಮೇಲೆ ರಬ್ಬರ್ ತಗಲುತ್ತದೆ. ಶೇ 25ರಷ್ಟು ಗಡಸಾದ ಸ್ಪ್ರಿಂಗ್ ಹಾಕಿ 35 ಮಿ.ಮೀ. ಇಳಿಸಿದಿರಿ. ಉಳಿದ ಜಾಗ 25 ಮಿ.ಮೀ., ಸ್ಪ್ರಿಂಗ್ 2.5 ಕಿಲೋ, 62 ಕಿಲೋ ಬೀಳುವಷ್ಟರಲ್ಲೇ ರಬ್ಬರ್ ತಗಲಿತು. ಸ್ಪ್ರಿಂಗ್ ಗಡಸಾದರೂ ಗಾಡಿ ತಡೆದುಕೊಳ್ಳುವ ಹೊಡೆತ ಅರ್ಧಕ್ಕೆ ಇಳಿಯಿತು. ‘ಲೋ ಮಾಡಿಸಿದ ಮೇಲೆ ಗಾಡಿ ಗಡಸಾಯಿತು’ ಎಂದು ಜನ ದೂರುವಾಗ ಮುಕ್ಕಾಲು ಪಾಲು ಅದು ಸ್ಪ್ರಿಂಗಿನ ಗಡಸಲ್ಲ, ಬಂಪ್ ಸ್ಟಾಪ್ ಮೇಲೆ ಕೂತು ಓಡುತ್ತಿರುವ ಗಾಡಿಯ ಗಡಸು.

ನಿಮ್ಮ ಗಾಡಿಯಲ್ಲಿ ಎಷ್ಟು ಜಾಗವಿದೆ ಎಂದು ತಿಳಿಯಲು ದೊಡ್ಡ ಮೆಷಿನ್ ಬೇಡ. ರಾಡಿಗೆ ಧೂಳು ತಾಗದಂತೆ ಹಾಕಿರುವ ಬೂಟನ್ನು ಮೇಲೆ ಸರಿಸಿ, ಶಾಕಪ್ಪಿನ ಹೊಳೆಯುವ ರಾಡಿಗೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಶಾಕಪ್ಪಿನ ಮೈಗೆ ತಾಗುವಂತೆ ಕೆಳಗೆ ತಳ್ಳಿ ಇಡಿ. ದಿನಾ ಓಡಾಡುವ ದಾರಿಯಲ್ಲಿ, ದಿನಾ ಕೂರುವಷ್ಟೇ ಜನರನ್ನು ಕೂರಿಸಿ ಒಂದು ಸುತ್ತು ಬನ್ನಿ. ಶಾಕಪ್ ಒಳಗೆ ಹೋದಾಗ ಟೈ ರಾಡಿನ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಅದಕ್ಕೂ ಬಂಪ್ ಸ್ಟಾಪಿನ ಕೆಳತುದಿಗೂ ನಡುವೆ ಉಳಿದ ಅಂತರ ಅಳೆಯಿರಿ. 15 ಮಿ.ಮೀ. ಉಳಿದಿದ್ದರೆ 35 ಇಳಿಸುವ ಸ್ಪ್ರಿಂಗ್ ನಿಮಗೆ ಆಗಿಬರುವುದಿಲ್ಲ, ಯಾವ ಬ್ರಾಂಡ್ ಆದರೂ ಸರಿ. ಪರೀಕ್ಷೆಗೆ ಖರ್ಚು ಎರಡು ರೂಪಾಯಿ, ಮಾಡಿಸಿಕೊಳ್ಳುವವರೇ ಇಲ್ಲ.

ಶಾಕಪ್ಪಿನ ಹಿಡಿತದ ಮಾತೂ ಇದೆ. ಚಕ್ರದ ಮೇಲಿನ ಭಾರ 270 ಕಿಲೋ ಇದ್ದರೆ 2 ಕಿಲೋ ಸ್ಪ್ರಿಂಗಿನ ಮೇಲೆ ಗಾಡಿ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ, 2.5 ಕಿಲೋ ಆದರೆ 1.5, ಕಾಯಿಲೋವರ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಸಿಗುವ 5 ಕಿಲೋ ಆದರೆ 2.1ಕ್ಕೂ ಹೆಚ್ಚು. ಮನೆಮಂದಿ ಕೂರುವ ಕಾರುಗಳನ್ನು ಕಂಪನಿಯವರು 1ರಿಂದ 1.5ರ ನಡುವೆ ಇಡುತ್ತಾರೆ. ಹೀಗೆ ನೋಡಿದರೆ ಒಳ್ಳೆಯ ಲೋವರಿಂಗ್ ಸ್ಪ್ರಿಂಗ್ ದೊಡ್ಡ ಅಪರಾಧವೇನೂ ಅಲ್ಲ. ಸ್ಪ್ರಿಂಗ್ ಕಾಲು ಭಾಗ ಗಡಸಾದರೆ ಅದೇ ಶಾಕಪ್ಪಿನ ಹಿಡಿತ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅಷ್ಟೇ. ಹೊಸ ಶಾಕಪ್ ಇದನ್ನು ತಾಳಿಕೊಳ್ಳುತ್ತದೆ. 60-70 ಸಾವಿರ ಕಿ.ಮೀ. ಓಡಿ ಅರ್ಧ ಸತ್ತಿರುವ ಶಾಕಪ್ ತಾಳುವುದಿಲ್ಲ. ಅದರ ಮೇಲೆ ಗಿಡ್ಡ ಸ್ಪ್ರಿಂಗ್ ಕೂರಿಸಿದರೆ ಗಾಡಿ ಹೊಂಡ ದಾಟಿದ ಮೇಲೂ ಒಂದೂವರೆ-ಎರಡು ಸಲ ಕುಣಿಯುತ್ತದೆ, ಕೆಲವೇ ತಿಂಗಳಲ್ಲಿ ಸೀಲಿನಿಂದ ಎಣ್ಣೆ ಜಿನುಗುತ್ತದೆ. ಬಯ್ಗುಳ ಮಾತ್ರ ಸ್ಪ್ರಿಂಗಿಗೆ.

ಆದ್ದರಿಂದ ಸ್ಪ್ರಿಂಗಿನ ಬೆಲೆ ಕೇಳುವಾಗಲೇ ನಾಲ್ಕು ಹೊಸ ಶಾಕಪ್, ಮುಂದಿನ ಎರಡು ಮೌಂಟಿಂಗ್ (ಶಾಕಪ್ಪಿನ ತಲೆಯನ್ನು ಗಾಡಿಗೆ ಹಿಡಿದಿಡುವ ಭಾಗ), ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಇಷ್ಟನ್ನೂ ಸೇರಿಸಿ ಕೇಳಿ. ಬಿಚ್ಚುವ ಮಜೂರಿ ಒಂದೇ. ಕೆಲವು ಯುರೋಪಿಯನ್ ಗಾಡಿಗಳಿಗೆ ಬಿಲ್‌ಸ್ಟೈನ್ ಬಿ8 ತರಹದ, ಗಿಡ್ಡ ಸ್ಪ್ರಿಂಗಿಗೆಂದೇ ಮೊಟಕು ಮಾಡಿದ ಶಾಕಪ್ ಸಿಗುತ್ತದೆ. ಅದೇ ಬಿ8ನ್ನು ಐಬಾಕ್ ಸ್ಪ್ರಿಂಗ್ ಜೊತೆ ಸೇರಿಸಿ ಬಿ12 ಎಂದು ಮಾರುತ್ತಾರೆ. ನಿಮ್ಮ ಮಾಡೆಲ್ಲಿಗೆ ಅಂಥದ್ದು ಸಿಕ್ಕರೆ ಮುಂದಿನ ಚರ್ಚೆ ಹೆಚ್ಚುಕಡಿಮೆ ಬೇಕಾಗಿಲ್ಲ. ಸಿಗದಿದ್ದರೆ ಕಂಪನಿಯ ಹೊಸ ಶಾಕಪ್, 25 ಮಿ.ಮೀ. ಇಳಿತ, ಅದಕ್ಕಿಂತ ಹೆಚ್ಚು ಬೇಡ.

ಗ್ರೈಂಡರ್‌ನಲ್ಲಿ ಒಂದು ಸುತ್ತು ಕತ್ತರಿಸಿ ಕೊಡುವವರು ಈಗಲೂ ಇದ್ದಾರೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಕತ್ತರಿಸಿದರೆ ಗಡಸು ಶೇ 20 ಏರುತ್ತದೆ, ಕೆಳತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುತ್ತದೆ. ಗ್ಯಾಸ್ ಹಿಡಿದು ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು: ಉಕ್ಕಿನ ಹದ ಹೋಗಿ ಘಾಟಿಯ ತಿರುವಿನಲ್ಲಿ ಮುರಿಯಬಹುದು. ಬಂಪ್ ಸ್ಟಾಪ್ ಪೂರ್ತಿ ತೆಗೆದುಹಾಕಿ ‘ಈಗ ಸಾಫ್ಟ್ ಆಯಿತು’ ಎನ್ನುವವರೂ ಇದೇ ಜಾತಿ. ಮೊದಲ ದೊಡ್ಡ ಹೊಂಡಕ್ಕೆ ಲೋಹ ಲೋಹಕ್ಕೆ ಬಡಿದು ಒಳಗಿನ ವಾಲ್ವ್ ಹೋಗುತ್ತದೆ. ಕಿಟ್ಟಿನ ಹಾಳೆಯಲ್ಲಿ ಬಂಪ್ ಸ್ಟಾಪ್ ಇಷ್ಟು ಕತ್ತರಿಸಿ ಎಂದು ಬರೆದಿದ್ದರೆ ಅಷ್ಟೇ ಕತ್ತರಿಸಿ, ಬರೆದಿಲ್ಲದಿದ್ದರೆ ಮುಟ್ಟಬೇಡಿ.

ಕಾಯಿಲೋವರ್ ವಿಷಯದಲ್ಲಿ ಗಿರಾಕಿಗಳಿಗೆ ಗೊತ್ತೇ ಇಲ್ಲದ ಸಂಗತಿ, ಎತ್ತರ ಹೊಂದಿಸುವ ಕ್ರಮ ಎರಡಿದೆ. ಅಗ್ಗದ ಸೆಟ್ಟಿನಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನೇ ಕೆಳಗೆ ಇಳಿಸುತ್ತಾರೆ. ಗಾಡಿ ಇಳಿದಷ್ಟೂ ಶಾಕಪ್ಪಿನ ಜಾಗ ಕಡಿಮೆ. ಮೇಲೆ ಹೇಳಿದ ಲೆಕ್ಕವೇ ಇಲ್ಲಿಯೂ. ಇನ್ನೊಂದು ಬಗೆಯಲ್ಲಿ ಶಾಕಪ್ಪಿನ ಕೆಳಗಿನ ಬ್ರಾಕೆಟ್ಟೇ ಮರೆಯ ಮೇಲೆ ಮೇಲೆ-ಕೆಳಗೆ ಓಡುತ್ತದೆ, ಸ್ಪ್ರಿಂಗ್ ಬಿಗಿತ ಹಾಗೇ ಇರುತ್ತದೆ, ಶಾಕಪ್ಪಿನ ಓಟಕ್ಕೆ ಏನೂ ಆಗುವುದಿಲ್ಲ. ಹಣ ಕೊಡುವುದಾದರೆ ಎರಡನೆಯದಕ್ಕೆ ಕೊಡಿ. ಆಗಲೂ ಟೈರು ಫೆಂಡರಿನ (ಮಡ್‌ಗಾರ್ಡಿನ) ಒಳಗೆ ತಗಲುವುದಿಲ್ಲವೇ ಎಂದು ನೋಡಿಯೇ ಇಳಿಸಬೇಕು.

ಇನ್ನೊಂದು: ಸ್ವಿಫ್ಟ್, ಐ20, ಪೋಲೊ, ಹೋಂಡಾ ಸಿಟಿ ಇವೆಲ್ಲದರ ಹಿಂಭಾಗ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಉಕ್ಕಿನ ತೊಲೆ. ಪೋಲೊದಂಥ ಗಾಡಿಗಳಲ್ಲಿ ಹಿಂದೆ ಸ್ಪ್ರಿಂಗ್ ಒಂದು ಕಡೆ, ಶಾಕಪ್ ಇನ್ನೊಂದು ಕಡೆ. ಅಲ್ಲಿ ‘ಕಾಯಿಲೋವರ್’ ಎಂದು ಬರುವುದು ಮರೆ ಇರುವ ಒಂದು ತಟ್ಟೆ ಮತ್ತು ಬೇರೆ ಶಾಕಪ್, ಅಷ್ಟೇ. ಬೀಮ್ ಇರುವ ಗಾಡಿಯಲ್ಲಿ ಹಿಂದಿನ ಕ್ಯಾಂಬರ್ (ಚಕ್ರದ ತಲೆ ಒಳಗೆ-ಹೊರಗೆ ವಾಲುವ ಕೋನ), ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಗೆ-ಹೊರಗೆ ತಿರುಗಿರುವುದು) ಹೊಂದಿಸಲು ಬೋಲ್ಟ್ ಇರುವುದಿಲ್ಲ. ಬೇಕೆಂದರೆ ಚಕ್ರದ ಹಬ್ಬಿನ ಹಿಂದೆ ಶಿಮ್ (ತೆಳು ಲೋಹದ ಬಿಲ್ಲೆ) ಕೊಡಬೇಕು. ಲಕ್ಷ ಕೊಟ್ಟರೂ ಹಿಂಭಾಗದಲ್ಲಿ ನಿಮ್ಮ ಕೈಗೆ ಬರುವ ಹತೋಟಿ ಇಷ್ಟೇ. ಹಳೆಯ ಹ್ಯಾಚ್‌ಬ್ಯಾಕಿನ ಮಾರಾಟ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿದರೆ ಮೂಗಿಗಿಂತ ಮೂಗುತಿ ಭಾರ.

ಹಾಕಿಸಿಯೇ ತೀರುತ್ತೇನೆ ಎನ್ನುವವರು ಕೆಲವನ್ನು ಗಟ್ಟಿಯಾಗಿ ಹಿಡಿಯಬೇಕು. ಮೇಲಿನ ಮೌಂಟಿಂಗ್ ರಬ್ಬರಿನದೇ ಇರಲಿ. ರೇಸಿನವರ ಪಿಲ್ಲೋಬಾಲ್ ಮೌಂಟಿಂಗ್‌ನಲ್ಲಿ ಲೋಹದ ಗುಂಡು ಬೇರಿಂಗ್ ಇರುತ್ತದೆ. ಸ್ಟಿಯರಿಂಗ್ ಚುರುಕಾಗುತ್ತದೆ, ನಿಜ. ಆದರೆ ನಮ್ಮ ಧೂಳು ಮತ್ತು ಮಳೆನೀರಿಗೆ ಬೇಗ ಸವೆದು ಪ್ರತಿ ಹಂಪಿಗೂ ಟಕ್ ಟಕ್ ಎನ್ನುತ್ತದೆ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಗಾಳಿ ಒತ್ತಡ ಮತ್ತು ನೆಲದ ಓರೆ ಮೋಸ ಮಾಡುತ್ತವೆ. ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಅಳೆಯಿರಿ. ಜಾಕ್ ಇಳಿಸಿದ ಕೂಡಲೇ ಅಳೆದರೆ ತಪ್ಪು ಬರುತ್ತದೆ. ಗಾಡಿಯನ್ನು ಹಿಂದೆ ಮುಂದೆ ಒಂದೆರಡು ಮೀಟರ್ ಉರುಳಿಸಿ, ಚಕ್ರ ತನ್ನ ಜಾಗಕ್ಕೆ ಕೂತ ಮೇಲೆ ಟೇಪ್ ಹಿಡಿಯಿರಿ. ಎಡಬಲಕ್ಕೆ 5 ಮಿ.ಮೀ. ಒಳಗೆ ವ್ಯತ್ಯಾಸ ಇರಲಿ. ಶಾಕಪ್ಪಿನ ಹಿಡಿತದ ನಾಬ್ ಪೂರ್ತಿ ಗಟ್ಟಿ ತುದಿಯಿಂದ ಎಣಿಸುತ್ತಾ ಸಡಿಲಿಸಿ. 30 ಕ್ಲಿಕ್ ಇರುವ ಸೆಟ್ಟಿನಲ್ಲಿ ಊರೊಳಗಿನ ಓಡಾಟಕ್ಕೆ ಸಡಿಲ ಕಡೆಯ ಮೂರನೇ ಒಂದು ಪಾಲಿನಲ್ಲೇ ಶುರುಮಾಡಿ. ಹೊಂಡ ದಾಟಿದ ಮೇಲೆ ಗಾಡಿ ಎರಡನೇ ಸಲ ಕುಣಿದರೆ ಎರಡೆರಡು ಕ್ಲಿಕ್ ಬಿಗಿ, ಚಕ್ರ ರಸ್ತೆ ಬಿಟ್ಟು ಹಾರಿದಂತೆ ಅನಿಸಿದರೆ ಎರಡೆರಡು ಸಡಿಲ. ಎಡಬಲ ಯಾವಾಗಲೂ ಸಮ.

ಮುಂಬಯಿ, ಗೋವಾದ ಓದುಗರಿಗೆ ಒಂದು ಮಾತು ಹೆಚ್ಚು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಚಕ್ರ ಎರಚುವ ಕೆಸರು ಮೂರೂ ಸೇರಿ ಆ ಮರೆಯನ್ನು ಕಚ್ಚಿಹಿಡಿಯುತ್ತವೆ. ಒಂದೆರಡು ಮಳೆಗಾಲ ಮುಟ್ಟದೆ ಬಿಟ್ಟ ಲಾಕ್ ರಿಂಗ್ ಹುಕ್ ಪಾನಾಕ್ಕೆ ಜಗ್ಗುವುದಿಲ್ಲ. ಸುತ್ತಿಗೆ-ಉಳಿ ಹಿಡಿದರೆ ಅಲ್ಯುಮಿನಿಯಂ ರಿಂಗಿನ ಹಲ್ಲು ಹಾರುತ್ತದೆ. ಆಗ ‘ಎತ್ತರ ಬದಲಿಸಬಹುದು’ ಎಂದು ಕೊಟ್ಟ ಅಷ್ಟೂ ಹಣ ನೀರಿಗೆ. ಮಳೆಗೆ ಮೊದಲು ಮತ್ತು ಮಳೆ ನಿಂತ ಮೇಲೆ ನೈಲಾನ್ ಬ್ರಶ್ಶಿನಲ್ಲಿ ಮರೆ ತೊಳೆದು, ಒಣಗಿಸಿ, ಆಂಟಿ-ಸೀಜ್ ಗ್ರೀಸ್ ತೆಳ್ಳಗೆ ಸವರಿ, ರಿಂಗನ್ನು ಒಂದು ಸುತ್ತು ಆ ಕಡೆ ಈ ಕಡೆ ಓಡಿಸಿ ಮೊದಲಿನ ಗುರುತಿಗೇ ತಂದು ಬಿಗಿಯಿರಿ. ಇದಕ್ಕೆ ಪುರುಸೊತ್ತಿಲ್ಲದವರು ಕಾಯಿಲೋವರ್ ಆಸೆ ಬಿಡುವುದು ಲೇಸು. ಕೊಳ್ಳುವ ಮೊದಲು ಸೀಲು, ಬಿಡಿ ಕಾರ್ಟ್ರಿಜ್ (ಶಾಕಪ್ಪಿನ ಒಳಗಿನ ಸೆಟ್) ಇಲ್ಲೇ ಸಿಗುತ್ತದೆಯೇ, ರಿಪೇರಿ ಮಾಡುವವರು ಯಾರು ಎಂದೂ ಕೇಳಿಕೊಳ್ಳಿ.

ಗೇರುಪೆಟ್ಟಿಗೆಯ ಅಡಿ, ಚೇಂಬರ್ (ಎಂಜಿನ್ ಎಣ್ಣೆಯ ತೊಟ್ಟಿ) ಬಡಿಯುವ ವಿಷಯಕ್ಕೆ ಬಂದರೆ ತಪ್ಪೆಲ್ಲ ಗಾಡಿಯದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಗುಂಡುತಲೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಸ್ವಿಫ್ಟಿನ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 2,450 ಮಿ.ಮೀ. ಅಂಥ ಹಂಪಿನ ಮೇಲೆ ಎರಡೂ ಜೊತೆ ಚಕ್ರ ನಿಂತಾಗ ನಡುವೆ ಹಂಪ್ ಮೇಲೆದ್ದಿರುವುದು ಬರೀ 44 ಮಿ.ಮೀ. ಗಾಡಿಯ 163 ಮಿ.ಮೀ. ಕ್ಲಿಯರೆನ್ಸಿನಲ್ಲಿ (ಹೊಟ್ಟೆಯಿಂದ ನೆಲಕ್ಕಿರುವ ಎತ್ತರ) 35 ಇಳಿಸಿ 128 ಉಳಿದರೂ ಆರಾಮವಾಗಿ ದಾಟುತ್ತದೆ. ನಮ್ಮ ಗಲ್ಲಿಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಒಂದು ಮೊಳ ಅಗಲದ, 15 ಸೆಂ.ಮೀ. ಎತ್ತರದ ಕಾಂಕ್ರೀಟ್ ದಿಂಡು ಮಾತ್ರ ಇಡೀ ಎತ್ತರವನ್ನೇ ಗಾಡಿಯ ಹೊಟ್ಟೆಗೆ ಕೊಡುತ್ತದೆ; 128ಕ್ಕೆ 150 ತಗಲಲೇಬೇಕು. ನಾಲ್ಕು ಜನ ಕೂತರೆ ಕಂಪನಿಯ ಎತ್ತರದ ಗಾಡಿಗೂ ಅಲ್ಲಿ ಕಷ್ಟವೇ. ಮಹಾನಗರಪಾಲಿಕೆಗಳು ಇಂಥ ದಿಂಡುಗಳನ್ನು ಕೆತ್ತಿ ಅಳತೆಗೆ ತಂದರೆ ಲೋ ಗಾಡಿಯವರಿಗಿಂತ ಹೆಚ್ಚಾಗಿ ಆಂಬುಲೆನ್ಸಿನಲ್ಲಿ ಮಲಗಿದವರಿಗೆ ಉಪಕಾರ.

ಸೊಸೈಟಿಯ ನೆಲಮಾಳಿಗೆ ರ‍್ಯಾಂಪಿನದು ಬೇರೆ ಕಥೆ. ಒಂದಕ್ಕೆ ಆರರ ಇಳಿಜಾರು ಎಂದರೆ ಸುಮಾರು 9.5 ಡಿಗ್ರಿ. ಮೇಲೆ ಹೇಳಿದ ಗಾಡಿ ಖಾಲಿ ಇದ್ದಾಗ, 128 ಮಿ.ಮೀ.ನಲ್ಲಿ, ಸುಮಾರು 12 ಡಿಗ್ರಿಯ ಮೂಲೆ ದಾಟಬಲ್ಲದು. ಜನ ತುಂಬಿ 100ಕ್ಕೆ ಇಳಿದರೆ 9.3. ಬೆಳಿಗ್ಗೆ ಒಬ್ಬರೇ ಹೊರಟಾಗ ತಗಲದ ಗಾಡಿ ರಾತ್ರಿ ಮನೆಮಂದಿಯೊಂದಿಗೆ ಬಂದಾಗ ರ‍್ಯಾಂಪಿನ ನೆತ್ತಿಯಲ್ಲಿ ಕರಕರ ಎನ್ನುವುದು ಇದಕ್ಕೇ.

ಊರಿಗೆ ಹೋಗುವ ಲೆಕ್ಕವನ್ನು ನಮ್ಮವರು ಮರೆಯಬಾರದು. ಚೌತಿಗೋ ದೀಪಾವಳಿಗೋ ಹುಬ್ಬಳ್ಳಿ ಕಡೆಗೆ ಹೊರಡಿ, 66ನೇ ಹೆದ್ದಾರಿ ಹಿಡಿದು ಕಾರವಾರ-ಉಡುಪಿ ಕಡೆಗೆ ಹೊರಡಿ, ಗಾಡಿಯಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಹಿಂದಿನ ಪ್ರತಿ ಚಕ್ರಕ್ಕೆ 100 ಕಿಲೋ ಹೆಚ್ಚು ಬಿತ್ತೆನ್ನಿ, 2.5 ಕಿಲೋ ಸ್ಪ್ರಿಂಗ್ 40 ಮಿ.ಮೀ. ಕುಸಿಯುತ್ತದೆ. ಮೊದಲೇ 35 ಇಳಿಸಿದ್ದರೆ ಆ ಗಾಡಿ ಇಡೀ ದಾರಿ ಬಂಪ್ ಸ್ಟಾಪ್ ಮೇಲೆಯೇ. ಮುಂಬಯಿ-ಪುಣೆಯಲ್ಲಿ ಸಿಎನ್‌ಜಿ ಬೇರೆ. ಡಿಕ್ಕಿಯಲ್ಲಿ 60 ಲೀಟರಿನ ಉಕ್ಕಿನ ಸಿಲಿಂಡರ್, ಗ್ಯಾಸು, ಸ್ಟ್ಯಾಂಡ್ ಎಲ್ಲ ಸೇರಿ ಸದಾ ಒಬ್ಬ ದಪ್ಪ ಮನುಷ್ಯ ಹಿಂದೆ ಕೂತಷ್ಟು ಭಾರ. ಪೆಟ್ರೋಲ್ ಮಾಡೆಲ್ಲಿಗೆಂದು ಮಾಡಿದ ಲೋವರಿಂಗ್ ಸ್ಪ್ರಿಂಗನ್ನು ಅಂಥ ಗಾಡಿಯ ಹಿಂದೆ ಹಾಕಲೇಬೇಡಿ ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ.

ಫಿಟ್ಟಿಂಗಿನಲ್ಲಿ ಆಗುವ ಹಾನಿ ಹೆಚ್ಚಾಗಿ ಒಂದೇ ಬಗೆಯದು. ಲೋವರ್ ಆರ್ಮಿನ (ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳಿನ) ರಬ್ಬರ್ ಬುಶ್ ಬೋಲ್ಟನ್ನು ಗಾಡಿ ಲಿಫ್ಟಿನ ಮೇಲೆ, ಚಕ್ರ ಜೋತುಬಿದ್ದಿರುವಾಗಲೇ ಬಿಗಿದುಬಿಡುತ್ತಾರೆ. ಗಾಡಿ ನೆಲಕ್ಕೆ ಇಳಿದ ಕೂಡಲೇ ಬುಶ್ಶಿನ ರಬ್ಬರ್ ತಿರುಚಿಕೊಳ್ಳುತ್ತದೆ, ಹಾಗೇ ತಿರುಚಿಕೊಂಡೇ ಓಡಿ ಕೆಲವು ತಿಂಗಳಲ್ಲಿ ಹರಿಯುತ್ತದೆ. ಮಾಡಬೇಕಾದದ್ದು: ಬೋಲ್ಟ್ ಕೈಬಿಗಿ ಇಟ್ಟು, ಚಕ್ರದ ಮೇಲೆ ಗಾಡಿಯ ಭಾರ ಬಂದ ಮೇಲೆ, ಇಲ್ಲವೇ ಆರ್ಮಿನ ಕೆಳಗೆ ಜಾಕ್ ಕೊಟ್ಟು ನಿಂತ ಎತ್ತರಕ್ಕೆ ತಂದ ಮೇಲೆ, ಟಾರ್ಕ್ ಪಾನಾದಲ್ಲಿ ಪೂರ್ತಿ ಬಿಗಿ. ಹಿಂದಿನ ಬೀಮಿನ ಬುಶ್ಶನ್ನು ಬಿಚ್ಚಿದ್ದರೆ ಅದಕ್ಕೂ ಇದೇ ನಿಯಮ. ಶಾಕಪ್ಪಿನ ರಾಡನ್ನು ಪಕ್ಕಡದಲ್ಲಿ ಹಿಡಿದು ಮೇಲಿನ ನಟ್ ತಿರುಗಿಸಿದರೆ ಕ್ರೋಮ್ ಮೇಲೆ ಗೀರು ಬಿದ್ದು ಆ ಗೀರೇ ಸೀಲನ್ನು ತಿನ್ನುತ್ತದೆ. ರಾಡಿನ ತಲೆಯಲ್ಲಿರುವ ತೂತಿಗೆ ಅಲನ್ ಕೀ ಹಾಕಿ ಹಿಡಿಯಬೇಕು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಬಿಗಿಯದೆ ಆ ನಟ್ ಬಿಚ್ಚುವುದು ಜೀವಕ್ಕೇ ಅಪಾಯ, ಮನೆಯಲ್ಲಿ ಪ್ರಯೋಗ ಬೇಡ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ ಹೊಸ ಶಾಕಪ್ಪಿನ ಮೈಯಲ್ಲಿ ಸರಿಯಾದ ಜಾಗದಲ್ಲಿ ಕೂರುತ್ತದೆಯೇ ನೋಡಿ. ದಾರ ಕಟ್ಟಿದಂತೆ ಟೈ ಹಾಕಿ ಬಿಟ್ಟರೆ ಸ್ಟಿಯರಿಂಗ್ ತುದಿಗೆ ತಿರುಗಿಸಿದಾಗ ಟೈರಿಗೆ ಉಜ್ಜುತ್ತದೆ.

ಅಲೈನ್‌ಮೆಂಟ್ ಎರಡು ಸಲ: ಫಿಟ್ಟಿಂಗ್ ಆದ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ, ಸುಮಾರು 500ರಿಂದ 1,000 ಕಿ.ಮೀ.ಗೆ ಇನ್ನೊಮ್ಮೆ. ಗಾಡಿ ಇಳಿದಾಗ ಮುಂದಿನ ಚಕ್ರದ ತಲೆ ಒಳಗೆ ವಾಲುತ್ತದೆ, ಟೋ ಕೂಡ ಕೆಡುತ್ತದೆ. ಟೈರ್ ತಿನ್ನುವುದರಲ್ಲಿ ಟೋ ಮುಂದು, ಕ್ಯಾಂಬರ್ ಹಿಂದು. ಸವೆತ ಒಳಅಂಚಿನಲ್ಲಾಗುವುದರಿಂದ ಹೊರಗಿನಿಂದ ಟೈರ್ ಹೊಸದರಂತೆ ಕಾಣುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಒಳಅಂಚಿನ ಮೇಲೆ ಅಂಗೈ ಸವರಿ. ಗರಗಸದಂತೆ ಕೈಗೆ ಹತ್ತಿದರೆ ಟೋ ತಪ್ಪಿದೆ. ಕ್ಯಾಂಬರ್ ಎಡಬಲಕ್ಕೆ ಬಹಳ ವ್ಯತ್ಯಾಸವಿದ್ದರೆ ಎಕ್ಸೆಂಟ್ರಿಕ್ ಬೋಲ್ಟ್ ಹಾಕಿ ಒಂದೂವರೆ ಡಿಗ್ರಿಯವರೆಗೆ ಸರಿಪಡಿಸಬಹುದು. ಹೆಡ್‌ಲೈಟಿನ ಎತ್ತರ ಹೊಂದಿಸಿ. ಗಾಜಿನ ಹಿಂದೆ ಎಡಾಸ್ (ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಕ್ಯಾಮೆರಾ ಇರುವ ಹೊಸ ಗಾಡಿಗಳಲ್ಲಿ ಅದರ ಕ್ಯಾಲಿಬ್ರೇಷನ್ನೂ ಆಗಬೇಕು. ಆದ್ದರಿಂದ ಅಂಥ ಗಾಡಿಯನ್ನು ಇಳಿಸುವ ಗೋಜಿಗೇ ಹೋಗಬೇಡಿ.

ಕಾನೂನನ್ನು ಅಂಗಡಿಯವರು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಹಾಕಿ ಗಾಡಿ ಬದಲಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಆರ್‌ಸಿಯಲ್ಲಿ ಸ್ಪ್ರಿಂಗ್ ಎತ್ತರ ಬರೆದಿಲ್ಲವಲ್ಲ’ ಎಂಬ ವಾದವನ್ನು ನಂಬಿ ಕೂರಬೇಡಿ. ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ವಾರಂಟಿಯಲ್ಲಿರುವ ಗಾಡಿಯಾದರೆ ಸಸ್ಪೆನ್ಷನ್ ಭಾಗಗಳ ಮೇಲಿನ ಹಕ್ಕಿಗೆ ತಕರಾರು ಬರುವುದೂ ಖಚಿತವೆಂದೇ ಇಟ್ಟುಕೊಳ್ಳಿ.

ಹೀಗಾಗಿ ನಮ್ಮ ಸಲಹೆ ಇಷ್ಟು. ದಿನಾ ಆಫೀಸು, ವರ್ಷಕ್ಕೆರಡು ಸಲ ಊರು ಎನ್ನುವವರಿಗೆ 25 ಮಿ.ಮೀ. ಸ್ಪ್ರಿಂಗ್ ಮತ್ತು ಹೊಸ ಶಾಕಪ್ ಸಾಕು; ಅದೂ ಕೇಬಲ್ ಟೈ ಪರೀಕ್ಷೆ ಒಪ್ಪಿದರೆ. ಕಾಯಿಲೋವರ್ ಇರುವುದು ಟ್ರ್ಯಾಕಿಗೆ ಹೋಗುವವರಿಗೆ, ವರ್ಷಕ್ಕೆರಡು ಸಲ ಗಾಡಿಯಡಿ ಮಲಗಲು ಬೇಸರವಿಲ್ಲದವರಿಗೆ. ಮೂವತ್ತು-ನಲವತ್ತು ಸಾವಿರಕ್ಕೆ ‘ಫುಲ್ ಕಾಯಿಲೋವರ್’ ಎನ್ನುವ ಹೆಸರಿಲ್ಲದ ಸೆಟ್ ಎರಡಕ್ಕಿಂತಲೂ ಕೆಟ್ಟದ್ದು, ಅದರ ಬದಲು ಏನೂ ಮಾಡಿಸದಿರುವುದೇ ವಾಸಿ. ಬಿಲ್ಲಿನಲ್ಲಿ ಸ್ಪ್ರಿಂಗಿನ ಪಾರ್ಟ್ ನಂಬರ್ (ಅದು ಸುರುಳಿಯ ಮೇಲೂ ಮುದ್ರಿತವಾಗಿರಬೇಕು, ತಾಳೆ ನೋಡಿ), ಕೆಲಸಕ್ಕೆ ಮೊದಲು ಮತ್ತು ನಂತರ ನಾಲ್ಕೂ ಚಕ್ರದ ಎತ್ತರ, ಎರಡೂ ಸಲದ ಅಲೈನ್‌ಮೆಂಟ್ ಹಾಳೆ ಬರೆಸಿಕೊಳ್ಳಿ. ತೆಗೆದ ಹಳೆ ಸ್ಪ್ರಿಂಗುಗಳನ್ನು ಗುಜರಿಯವನಿಗೆ ಕೊಡಬೇಡಿ; ಮುಂದೆ-ಹಿಂದೆ, ಎಡ-ಬಲ ಎಂದು ಬಣ್ಣದಲ್ಲಿ ಗುರುತು ಹಾಕಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಗ್ಯಾಲರಿಯಲ್ಲಿ ಇಡಿ. ಗಾಡಿ ಮಾರುವ ದಿನ ಕೊಳ್ಳುವವನು ಕೇಳುವುದು ಅವನ್ನೇ.

ಇಂತಿ,
ಸಸ್ಪೆನ್ಷನ್ ಕೆಲಸದ ಇಬ್ಬರು ಕನ್ನಡಿಗರು
ಚಿಂಚವಡ, ಪುಣೆ